ಉಪಕರಣದ ಜೊತೆ ತರಬೇತಿಯೂ ಇರಲಿ

ಸರ್ಕಾರಿ ಶಾಲೆಗಳಿಗೆ ಸ್ಮಾರ್ಟ್ ಬೋರ್ಡ್, ಕಂಪ್ಯೂಟರ್ ಕೊಡಿಸುವಷ್ಟೇ ಆಸಕ್ತಿಯನ್ನು ಸರ್ಕಾರ ಶಿಕ್ಷಕರ ತರಬೇತಿಗೂ ತೋರಿಸಬೇಕು. ನಮ್ಮ ಕಡೆಯ ಶಾಲೆಯೊಂದರಲ್ಲಿ ಪ್ರೊಜೆಕ್ಟರ್‌ ಬೀರು ಸೇರಿದೆ. ಯುಪಿಎಸ್ ಬ್ಯಾಟರಿ ಕೆಟ್ಟಿದೆ, ಬದಲಿಸಲು ದುಡ್ಡಿಲ್ಲ. ಇದಕ್ಕೆ ಸುಮ್ನೆ ಶಿಕ್ಷಕರನ್ನು ದೂರುವುದು ಅನ್ಯಾಯ.

ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿ ಸಿಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಆದರೆ ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ಆ್ಯಪ್‌ನಲ್ಲಿ ವಿಡಿಯೊ ನೋಡಿ ಪ್ರಮಾಣಪತ್ರ ಪಡೆದ ಮಾತ್ರಕ್ಕೆ, ಐದನೇ ತರಗತಿ ಮಕ್ಕಳಿಗೆ ಭಿನ್ನರಾಶಿಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುವುದು ಬಂದುಬಿಡುವುದಿಲ್ಲ ಅಲ್ವಾ? ಅದಕ್ಕೆ ಕೈಯಾರೆ ಮಾಡಿ ನೋಡುವ ಅಭ್ಯಾಸ ಬೇಕು.

ತಿಂಗಳಿಗೊಮ್ಮೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ, ಶಾಲೆಯಲ್ಲಿರುವ ಉಪಕರಣಗಳ ಮೇಲೆಯೇ ತರಬೇತಿ ನಡೆಯಲಿ. ರಿಪೇರಿಗೆಂದು ಪ್ರತಿ ಶಾಲೆಗೂ ಪ್ರತ್ಯೇಕ ಅನುದಾನ ಕೊಡಲಿ.

– ಒಬ್ಬ ಪೋಷಕ, ತುಮಕೂರು