ಸವಾಲಿನ ಕುಂಬಳಕಾಯಿ, ಬಾಕಿ ಪುಸ್ತಕ

ಸಂಪಾದಕರಿಗೆ ನಮಸ್ಕಾರ.

ನಾನು ಗದಗ-ಬೆಟಗೇರಿಯವನು, ಕ್ರೈಸ್ತ. ಬೇರೆ ಯಾರ ಮೇಲೂ ದೂರು ಹೇಳೋಕೆ ಬರೆಯುತ್ತಿಲ್ಲ, ಇದು ನಮ್ಮವರ ಬಗ್ಗೆಯೇ. ನಮ್ಮ ಸಭೆಯ ಹೆಸರು ಹೇಳಲ್ಲ. ಹುಬ್ಬಳ್ಳಿ, ಹಾವೇರಿ ಕಡೆಯವರು ಓದಿದರೂ 'ಇದು ನಮ್ಮದೇ ಸುದ್ದಿ' ಅಂದುಕೊಂಡರೆ ಆಶ್ಚರ್ಯವಿಲ್ಲ.

ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ಸವಾಲು ನಡೆಯುತ್ತದೆ. ಜನ ಕಾಣಿಕೆಯಾಗಿ ತಂದ ಜೋಳ, ಕುಂಬಳಕಾಯಿ, ಕೋಳಿ, ಹೋಳಿಗೆ ಎಲ್ಲವನ್ನೂ ಕೂಗಿ ಮಾರುತ್ತಾರೆ. ಭಾರೀ ಮಜಾ ಇರುತ್ತದೆ. ಐವತ್ತು ರೂಪಾಯಿಯ ಕುಂಬಳಕಾಯಿ ಇಬ್ಬರು ಬೀಗರ ಹಟಕ್ಕೆ ಸಿಕ್ಕಿ ಸಾವಿರ ದಾಟುತ್ತದೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ, ಗೆದ್ದವನ ಹೆಂಡತಿ ಮಾತ್ರ ತಲೆ ಚಚ್ಚಿಕೊಳ್ಳುತ್ತಾಳೆ. ಆಮೇಲೆ ಹೆಸರು, ಮೊತ್ತ ಒಂದು ಪುಸ್ತಕಕ್ಕೆ ಹೋಗುತ್ತದೆ. ಮೂರು ವರ್ಷ ಆ ಪುಸ್ತಕ ಬರೆದವನು ನಾನೇ. ಕುಂಬಳಕಾಯಿ ಅವತ್ತೇ ಮನೆಗೆ ಹೋಗುತ್ತದೆ, ದುಡ್ಡು ಬರುವುದಿಲ್ಲ. ಕೇಳಿದರೆ, 'ದೇವರ ದುಡ್ಡಲ್ವಾ, ಎಲ್ಲಿ ಓಡಿ ಹೋಗುತ್ತೆ, ಕೊಡೋಣ ಬಿಡ್ರಿ' ಅನ್ನುತ್ತಾರೆ. ಒಂದು ವರ್ಷ ಹದಿನಾಲ್ಕು ಸಾವಿರ ರೂಪಾಯಿ ಹೀಗೇ ಬಾಕಿ ಉಳಿಯಿತು. ಕನ್ನಡ ನಿಘಂಟು ಮಾಡಿದ ಮಿಷನರಿ ಕಿಟ್ಟೆಲ್ ಅವರ ಬಗ್ಗೆ ನಮ್ಮ ಸಭೆಯ ಒಬ್ಬ ಹಿರಿಯರು ಇಪ್ಪತ್ತು ನಿಮಿಷ ಭಾಷಣ ಮಾಡಿದ್ದರು. 1853ರಲ್ಲಿ ಈ ದೇಶಕ್ಕೆ ಬಂದವರು, ಹಿಡಿದ ಕೆಲಸ ಬಿಡಲಿಲ್ಲ, ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ, ಎಂಥ ನಿಷ್ಠೆ ಅಂತ. ಮಾತೆಲ್ಲ ಖರೆ. ಆದರೆ ನನ್ನ ಪುಸ್ತಕದಲ್ಲಿ ದೊಡ್ಡ ಬಾಕಿ ಭಾಷಣ ಮಾಡಿದ ಆ ಹಿರಿಯರದ್ದೇ ಇತ್ತು, ನನಗೆ ನಗುವೂ ಬಂತು, ಸಿಟ್ಟೂ ಬಂತು.

ಈಗ ಇನ್ನೊಂದು ಕಡೆ ನೋಡಿ. ಆ ವರ್ಷ ಕ್ರಿಸ್‌ಮಸ್‌ಗೆ ಮುಂಚೆ ಚರ್ಚಿಗೆ ಬಣ್ಣ ಹೊಡೆಸಿದ್ದೆವು. ಹನ್ನೊಂದು ಸಾವಿರಕ್ಕೆ ಮಾತಾಗಿತ್ತು, ಕೊಟ್ಟದ್ದು ನಾಲ್ಕು ಸಾವಿರ. ಉಳಿದದ್ದನ್ನು 'ಸವಾಲಿನ ದುಡ್ಡು ಬಂದ ಮೇಲೆ' ಅಂತ ತಳ್ಳುತ್ತಾ ಹೋದೆವು. ಫೆಬ್ರವರಿಯ ಒಂದು ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದರೆ ಬಣ್ಣದವನು ಕಟ್ಟೆ ಮೇಲೆ ಕೂತಿದ್ದ.

'ನಿಮ್ಮ ಪ್ರಾರ್ಥನಾ ನಡದಿತ್ತು ಅಣ್ಣಾರ, ನಡುವ ಯಾಕ ಬರೂದಂತ ಇಲ್ಲೇ ಕುಂತೆ' ಅಂದ.

ಒಳಗೆ ನಾವು ಕಾಣಿಕೆ ತಟ್ಟೆ ತಿರುಗಿಸುತ್ತಿದ್ದಾಗ ಅವನು ಹೊರಗೆ ಒಂದೂವರೆ ಗಂಟೆ ಕೂತಿದ್ದ. ಕೂಲಿಯವನ ಕೂಲಿ ರಾತ್ರಿಯಿಡೀ ನಿನ್ನ ಹತ್ತಿರ ಇರಬಾರದು ಅಂತ ಬೈಬಲಿನ ಯಾಜಕಕಾಂಡದಲ್ಲಿ ಬರೆದಿದೆ. ಒಂದು ರಾತ್ರಿ! ನಾವು ಎರಡು ತಿಂಗಳು ಇಟ್ಟುಕೊಂಡಿದ್ದೆವು, ಅದೂ ದೇವರ ಮನೆಯ ಹೆಸರಲ್ಲಿ.

ಇಲ್ಲಿ ನನ್ನದೂ ಒಂದು ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಆ ಪುಸ್ತಕದಲ್ಲಿ ನನ್ನ ಹೆಸರೂ ಇತ್ತು, ಆರುನೂರು ರೂಪಾಯಿ, ಒಂದು ಜವಾರಿ ಕೋಳಿಗೆ. ಪುಸ್ತಕ ನನ್ನ ಕೈಯಲ್ಲೇ ಇದ್ದುದರಿಂದ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಬೇರೆಯವರಿಗೆ ಫೋನ್ ಮಾಡಿ ಮಾಡಿ ಬೇಸತ್ತು, ನನ್ನ ಸಾಲಿನ ಮೇಲೆ ಮಾತ್ರ ಪ್ರತಿ ಸಲ ಕಣ್ಣು ಜಾರಿಸಿಕೊಂಡು ಹೋಗುತ್ತಿದ್ದೆ.

ಮತ್ತಾಯ ಐದನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ನಮಗೆಲ್ಲ ಬಾಯಿಪಾಠ. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಸಹೋದರನೊಂದಿಗೆ ಸಮಾಧಾನವಾಗು ಅನ್ನೋ ಮಾತು. ಆದರೆ ಸರಿಯಾಗಿ ಓದಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅಂತ ಇದೆ. ನಾವು ಇದನ್ನು ಉಲ್ಟಾ ಓದುತ್ತೇವೆ, ನಮ್ಮ ಮನಸ್ಸಿನ ಕಹಿ ತೊಳೆದುಕೊಂಡರೆ ಮುಗೀತು ಅಂತ. ಕಟ್ಟೆ ಮೇಲೆ ಕೂತವನ ಮನಸ್ಸಿನ ಲೆಕ್ಕ ಯಾರು ಕೇಳಬೇಕು? ಜಕ್ಕಾಯನ ಕಥೆಯೂ ಹಾಗೇ. ಅವನು ಸುಂಕ ವಸೂಲಿ ಮಾಡುತ್ತಿದ್ದವನು, ಯೇಸುವನ್ನು ನೋಡೋಕೆ ಮರ ಹತ್ತಿದವನು. ಮೋಶೆಯ ಧರ್ಮಶಾಸ್ತ್ರದಲ್ಲಿ ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು, ಈ ಪುಣ್ಯಾತ್ಮ ನಾಲ್ಕರಷ್ಟು ಕೊಡುತ್ತೇನೆ ಅಂದ. 'ಈ ಮನೆಗೆ ಇವತ್ತು ರಕ್ಷಣೆ ಬಂತು' ಅಂತ ಯೇಸು ಹೇಳಿದ್ದು ಅದಾದ ಮೇಲೆ. ನಮ್ಮ ಭಾನುವಾರದ ಶಾಲೆಯಲ್ಲಿ ಮಕ್ಕಳು ಅವನು ಮರ ಹತ್ತಿದ್ದನ್ನು ಮಾತ್ರ ಅಭಿನಯಿಸುತ್ತಾರೆ.

ದುಡ್ಡಿನ ಮಾತೊಂದೇ ಅಲ್ಲ. ಯಾರಾದರೂ ಹುಬ್ಬಳ್ಳಿ ಆಸ್ಪತ್ರೆಗೆ ಸೇರಿದರೆ 'ಬರ್ತೀವಿ, ನೋಡ್ಕೋತೀವಿ, ಪ್ರಾರ್ಥನೆ ಮಾಡ್ತೀವಿ' ಅನ್ನುವವರ ಸಾಲೇ ಇರುತ್ತದೆ. ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ, ಯಾರು ಏನು ಕೇಳಿದರೂ ಮೊದಲು 'ಆಗಾಂಗಿಲ್ಲವಾ' ಅನ್ನುತ್ತಾರೆ. ಅದಕ್ಕೇ ಅವರಿಗೆ ಜಿಗುಟು ಅಜ್ಜಿ ಅಂತ ಹೆಸರು. ನನ್ನ ಹೆಂಡತಿಯ ಆಪರೇಷನ್ ಆದಾಗ ಅವರು ಫೋನ್ ಮಾಡಿ, 'ಬುಧವಾರ ಬರಾಕ ಆಗಾಂಗಿಲ್ಲ, ಗುರುವಾರ ರಾತ್ರಿ ನಾ ಇರ್ತೀನಿ, ನೀ ಮನಿಗೆ ಹೋಗಿ ಮಕ್ಕೊ' ಅಂದರು. ಗುರುವಾರ ಸಂಜೆ ಆರಕ್ಕೆ ರೊಟ್ಟಿ ಬುತ್ತಿ ಹಿಡಿದು ಬಂದೂ ಬಿಟ್ಟರು. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಅನ್ನುವ ವಾಕ್ಯದಲ್ಲಿ ಅರ್ಧ ಭಾಗ 'ಅಲ್ಲ' ಅನ್ನೋದು. ಅದನ್ನು ಹೇಳೋಕೆ ನಮಗೆ ಸಂಕೋಚ, ಸುಮ್ನೆ ಹೂಂ ಅಂದುಬಿಡುತ್ತೇವೆ. ಆ ಹೂಂ ನಂಬಿಕೊಂಡವರು ರಾತ್ರಿಯಿಡೀ ಒಬ್ಬರೇ ಕೂತಿರುತ್ತಾರೆ.

ಸವಾಲು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ಅದು ಹೋದರೆ ಹಬ್ಬವೇ ಸಪ್ಪೆ. ಕೈಯಲ್ಲಿ ಇದ್ದಷ್ಟೇ ಕೂಗೋಣ, ಅವತ್ತೇ ಕೊಡೋಣ. ವಾರ್ಷಿಕ ಸಭೆಯಲ್ಲಿ ಎಷ್ಟು ಕಾಣಿಕೆ ಬಂತು ಅಂತ ಓದುವ ಮೊದಲು, ಯಾರ್‍ಯಾರಿಗೆ ನಾವು ಎಷ್ಟು ಕೊಡಬೇಕು ಅಂತ ಓದೋಣ. ಕಮಿಟಿಯಲ್ಲಿ ಇದನ್ನು ಹೇಳಿದಾಗ 'ಮಂದಿ ಮುಂದ ಮರ್ಯಾದೆ ಹೋಗ್ತದ' ಅಂದರು. ಬಣ್ಣದವನು ಆ ಮಂದಿಯಲ್ಲಿ ಸೇರುವುದಿಲ್ಲ ಅಂತ ಕಾಣುತ್ತದೆ.

ಅವನ ದುಡ್ಡು ಕೊನೆಗೆ ಕೊಟ್ಟೆವು. ನನ್ನ ಆರುನೂರು ಹಾಕಿದೆ, ನಾಲ್ಕೈದು ಮನೆ ತಿರುಗಿದೆ, ಏಪ್ರಿಲ್‌ನಲ್ಲಿ ಏಳು ಸಾವಿರ ಕೂಡಿತು. ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡ. ಮುಂದಿನ ಕ್ರಿಸ್‌ಮಸ್‌ಗೂ ಬರ್ತೀಯಾ ಅಂತ ಕೇಳಿದೆ.

'ಬರ್ತೀನ್ರಿ ಅಣ್ಣಾರ. ಆದ್ರ ಈ ಸಲ ಪೂರಾ ರೊಕ್ಕ ಮೊದಲ.'

ಇಂತಿ,
ಬೆಟಗೇರಿಯ ಒಬ್ಬ ಓದುಗ