ಮುದಿ ನಾಯಿಗೆ ಒಂದು ಚಮಚ ಎಂದರೆ ಯಾವ ಚಮಚ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ವಯಸ್ಸಾದ ಸಾಕುನಾಯಿಗಳಿಗೆ ಗಿಡಮೂಲಿಕೆ ಕೊಡುವ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಮೊದಲ ಸಲ ಕುತೂಹಲದಿಂದ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಅರಿಸಿನ, ಕಾಳುಮೆಣಸು, ಅಶ್ವಗಂಧ ಸೇರಿಸಿ ದಿನಕ್ಕೆ ‘ಒಂದು ಚಮಚ’ ಅನ್ನದಲ್ಲಿ ಕಲಸಿ ಹಾಕಿ ಎಂದು ಅದರಲ್ಲಿದೆ. ಯಾವ ಚಮಚ? ಔಷಧದ ಲೆಕ್ಕದಲ್ಲಿ ಚಿಕ್ಕ ಚಮಚ ಎಂದರೆ 5 ಮಿಲಿಲೀಟರ್, ದೊಡ್ಡದೆಂದರೆ 15. ನಮ್ಮ ಅಡುಗೆಮನೆಯಲ್ಲಿ ಚಮಚ ಎಂದು ಕರೆಸಿಕೊಳ್ಳುವ ಐದು ಸಾಮಾನುಗಳಿವೆ. ಒಂದರಲ್ಲಿ ಸಾರನ್ನೇ ಬಡಿಸಬಹುದು. ಇನ್ನು ಯಾವ ನಾಯಿಗೆ? ನಾಲ್ಕು ಕಿಲೋದ ಪಾಮೆರೇನಿಯನ್‌ಗೋ, ಪಕ್ಕದ ತೋಟದವರ ಮೂವತ್ತೈದು ಕಿಲೋದ ಲ್ಯಾಬ್ರಡಾರ್‌ಗೋ?

ತಪ್ಪು ಹುಡುಕುವ ಮುದುಕಿ ಎಂದುಕೊಳ್ಳಬೇಡಿ. 31 ವರ್ಷ ಸರ್ಕಾರಿ ಆಸ್ಪತ್ರೆಗಳ ಕಿಟಕಿಯ ಹಿಂದೆ ನಿಂತು ಮಾತ್ರೆ ಎಣಿಸಿ ಕೊಟ್ಟವಳು ನಾನು. ಊರಿನವರಿಗೆ ಇಂದಿಗೂ ಕಂಪೌಂಡರಮ್ಮ. ನಿವೃತ್ತಿಯಾದರೂ ಬಿಸ್ಕತ್ತಿನ ಪೊಟ್ಟಣದ ಸಣ್ಣ ಅಕ್ಷರವನ್ನು ಓದದೆ ಬಾಯಿಗೆ ಹಾಕಲಾರೆ. ಇಂಥವಳೇ ಹೋದ ವರ್ಷ ಮೋಸಹೋದ ಕಥೆಯನ್ನು ನಿಮ್ಮ ಓದುಗರಿಗೆ ಹೇಳಬೇಕೆನಿಸಿತು.

ನಮ್ಮ ಜಿಮ್ಮಿಗೆ ಈಗ ಹದಿಮೂರು ನಡೆಯುತ್ತಿದೆ. ತಳಿ ಕೇಳಬೇಡಿ. ತಾಯಿ ತೋಟದ ಲೈನ್‌ಮನೆಯ ಕಾವಲುನಾಯಿ. ತಂದೆ ಯಾರೆಂಬುದು ಆ ತಾಯಿಗೂ ಗೊತ್ತಿದ್ದಿರಲಾರದು. ಮಳೆಗಾಲದಲ್ಲಿ ಬಚ್ಚಲ ಒಲೆಯ ಬೆಚ್ಚಗಿನ ಬೂದಿಯಲ್ಲಿ ಮಲಗಿ, ಬೆಳಿಗ್ಗೆ ವಿಭೂತಿ ಬಳಿದುಕೊಂಡ ಸನ್ಯಾಸಿಯಂತೆ ಎದ್ದು ಬರುವುದು ಅವನ ರೂಢಿ. ಎರಡು ವರ್ಷದಿಂದ ಹಿಂಗಾಲಿನ ಕೀಲು ಬಿಗಿದಿದೆ. ಏಳುವಾಗ ಮೊದಲು ಮುಂಗಾಲು ಊರಿ, ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಹಿಂಭಾಗವನ್ನು ಎತ್ತಿಕೊಳ್ಳುತ್ತಾನೆ. ಗೇಟಿನವರೆಗೆ ಹೋಗುವಷ್ಟರಲ್ಲಿ ನಡಿಗೆ ಸಡಿಲವಾಗುತ್ತದೆ. ಜಗುಲಿಯ ರೆಡ್ ಆಕ್ಸೈಡ್ ನೆಲದ ಮೇಲಂತೂ ಕಾಲು ಜಾರಿ ಕುಳಿತೇಬಿಡುತ್ತಿದ್ದ.

ಹೋದ ವರ್ಷದ ಜುಲೈಯಲ್ಲಿ ಬೆಂಗಳೂರಿನ ಮಗ ಆನ್‌ಲೈನ್‌ನಲ್ಲಿ ನಾಯಿಗೆಂದು ಗಿಡಮೂಲಿಕೆ ಪುಡಿಯ ಒಂದು ಡಬ್ಬಿ ತರಿಸಿ ಕಳುಹಿಸಿದ. 1,150 ರೂಪಾಯಿ. ಮುಂಭಾಗದಲ್ಲಿ ಹುಲ್ಲಿನ ಮೇಲೆ ಹಾರುತ್ತಿರುವ ನಾಯಿ, ಕೀಲುನೋವು ಮಾಯ, ಮರಳಿ ಯೌವನ ಎಂಬ ಭರವಸೆ. ಹಿಂದೆ ತಿರುಗಿಸಿದರೆ ಇರುವೆ ಗಾತ್ರದ ಅಕ್ಷರದಲ್ಲಿ ‘ಇದು ಆಹಾರ ಪೂರಕ ಮಾತ್ರ, ಔಷಧವಾಗಿ ಬಳಸುವಂತಿಲ್ಲ’. ಹದಿನಾರು ಗಿಡಮೂಲಿಕೆಗಳ ಹೆಸರು, ಒಂದಕ್ಕೂ ಮಿಲಿಗ್ರಾಂ ಲೆಕ್ಕವಿಲ್ಲ. ಪಟ್ಟಿಯ ಕೊನೆಗೆ ‘ಇತ್ಯಾದಿ’. ಇತ್ಯಾದಿ ಎಂಬ ಮೂಲಿಕೆಯನ್ನು ನಾನು ಅದುವರೆಗೆ ಎಲ್ಲಿಯೂ ಕಂಡಿರಲಿಲ್ಲ.

ಡಬ್ಬಿಯ ಮೇಲಿದ್ದ ಸಂಖ್ಯೆಗೆ ಕರೆ ಮಾಡಿದೆ. ಎತ್ತಿದ ಹುಡುಗಿ ಒಳ್ಳೆಯ ಮಾತಿನವಳು. ‘ಎಲ್ಲವೂ ನೈಸರ್ಗಿಕ ಮೇಡಂ, ಸ್ವಲ್ಪ ಹೆಚ್ಚಾದರೂ ತೊಂದರೆಯಿಲ್ಲ’ ಎಂದಳು. ಕಾಸರಕನ ಬೀಜವೂ ನೈಸರ್ಗಿಕವೇ ಅಲ್ಲವೇನಮ್ಮ ಎಂದೆ. ಕಾಸರಕ ಎಂದರೇನು ಎಂದು ಕೇಳಿದಳು. ಹಿಂದೆ ಬೀದಿನಾಯಿಗಳಿಗೆ ಹಾಕುತ್ತಿದ್ದ ಸ್ಟ್ರಿಕ್ನಿನ್ ವಿಷ ಆ ಬೀಜದ್ದೇ ಎಂದು ವಿವರಿಸುವಷ್ಟರಲ್ಲಿ ಕರೆ ಕಡಿದುಹೋಯಿತು. ನಮ್ಮ ಕಡೆ ಮಳೆಗಾಲದಲ್ಲಿ ಸಿಗ್ನಲ್ ಹೀಗೆಯೇ; ಅವಳೇ ಇಟ್ಟಳೆಂದು ಹೇಳಲಾರೆ.

ಇಷ್ಟೆಲ್ಲ ಓದಿ, ಕೇಳಿ, ಮತ್ತೆ ಕೊಟ್ಟೆ. ಮಗ ಪ್ರೀತಿಯಿಂದ ಕಳುಹಿಸಿದ್ದನ್ನು ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ಮೊದಲ ವಾರ ಜಿಮ್ಮಿ ಚುರುಕಾದಂತೆಯೇ ಕಂಡ. ಆ ವಾರ ಮಳೆ ಹೊಳವಾಗಿ ಅಂಗಳಕ್ಕೆ ಬಿಸಿಲು ಬಿದ್ದಿತ್ತು ಎಂಬುದು ಆಮೇಲೆ ನೆನಪಾದ ವಿಷಯ. ಔಷಧ ತಿಂದದ್ದು ನಾಯಿಗೆ ಗೊತ್ತಿರುವುದಿಲ್ಲ, ಹಾಕಿದವರಿಗೆ ಗೊತ್ತಿರುತ್ತದೆ. ಮದ್ದಿಲ್ಲದ ಖಾಲಿ ಮಾತ್ರೆ ಕೊಟ್ಟಾಗಲೂ ಸಾಕಿದವರು ‘ಈಗ ಪರವಾಗಿಲ್ಲ’ ಎನ್ನುವುದನ್ನು ಪಶುವೈದ್ಯರು ತಮ್ಮ ಪ್ರಯೋಗಗಳಲ್ಲಿ ಕಂಡಿದ್ದಾರೆ.

ಜುಲೈ ಕೊನೆಗೆ ಜಿಮ್ಮಿ ಮಂಕಾದ. ಊಟ ಅರ್ಧ ಬಿಟ್ಟ. ಅಂಚೆಯವರು ಬಂದರೂ ಬೊಗಳಲಿಲ್ಲ. ವಯಸ್ಸಾಯಿತಲ್ಲ ಎಂದು ನಮ್ಮವರು ಹೇಳಿದರು, ಪುಡಿ ಹಿಡಿಯಲು ಒಂದು ತಿಂಗಳು ಬೇಕೆಂದು ಡಬ್ಬಿಯೂ ಹೇಳುತ್ತಿತ್ತು. ನಾನು ಕಾದೆ.

ಆಗಸ್ಟ್ 3ರಂದು ಆಟಿ 18, ಎಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಕೊಡವರಿಗೆ ಅದು ಕಕ್ಕಡ 18. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಅಂದು ನಮ್ಮಲ್ಲಿ ಮದ್ದು ಸೊಪ್ಪನ್ನು ಕುದಿಸಿ, ಆ ನೇರಳೆ ರಸದಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುತ್ತೇವೆ. ಹದಿನೆಂಟು ಬಗೆಯ ಮದ್ದು ಆ ದಿನ ಆ ಸೊಪ್ಪಿನಲ್ಲಿ ಕೂಡುತ್ತದೆ ಎಂಬ ನಂಬಿಕೆ. ತಿಂದ ಮರುದಿನ ಮೂತ್ರ ಕೆಂಪಾಗುತ್ತದೆ. ಇಲ್ಲಿನ ಶಾಲೆಯ ಮಕ್ಕಳಿಗೆ ಅಂದು ಅದೇ ಮಾತು, ಅದೇ ನಗು. ತೊಳೆಯಲು ಹೊರಗಿಟ್ಟ ಪಾಯಸದ ಪಾತ್ರೆಯನ್ನು ಜಿಮ್ಮಿ ತಳದವರೆಗೆ ನೆಕ್ಕಿದ್ದ. ಮರುದಿನ ಕಾಫಿ ಕಣದ ಸಿಮೆಂಟಿನ ಮೇಲೆ ಅವನು ಹೊಯ್ದ ಮೂತ್ರವೂ ಕೆಂಪಗಿತ್ತು. ಇವನಿಗೂ ಆಟಿ ಬಂತು ಎಂದು ಮನೆಯವರೆಲ್ಲ ನಕ್ಕೆವು.

ಮೂರನೆಯ ದಿನವೂ ಬಣ್ಣ ಹೋಗಲಿಲ್ಲ. ಹೋಗುವುದಿರಲಿ, ತಂಗಳು ಡಿಕಾಕ್ಷನ್‌ನಂತೆ ಕಂದಾಯಿತು. ತುಟಿ ಎತ್ತಿ ನೋಡಿದೆ. ಗುಲಾಬಿಯಾಗಿರಬೇಕಿದ್ದ ವಸಡು ಸುಣ್ಣದ ಗೋಡೆಯ ಹಾಗೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿದ್ದವಳಿಗೆ ಅದನ್ನು ನೋಡಲು ಮೂರು ದಿನ ಬೇಕಾಯಿತು.

ಆಟೋದಲ್ಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು. ವೈದ್ಯೆ ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ ಒಣಗಿಸಿದರು. ನಾನೂ ಒಂದು ಕಾಲದಲ್ಲಿ ಇಂಥದ್ದನ್ನೆಲ್ಲ ನೋಡಿದವಳು ಎಂದಾಗ ಸೂಕ್ಷ್ಮದರ್ಶಕ ಬಿಟ್ಟುಕೊಟ್ಟರು. ದುಂಡನೆಯ ಕೆಂಪು ರಕ್ತಕಣದೊಳಗೆ ಎರಡು ನೀರಹನಿಗಳು, ಚೂಪು ತುದಿಗಳನ್ನು ಒಂದಕ್ಕೊಂದು ತಾಗಿಸಿಕೊಂಡು ಕುಳಿತಿದ್ದವು. ಬಬೇಸಿಯಾ ಎಂಬ ಪರಾವಲಂಬಿ ಜೀವಿ. ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ. ಅದು ರಕ್ತಕಣಗಳನ್ನು ಒಡೆಯುತ್ತದೆ, ಒಡೆದ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ. ಆ ಕೆಂಪು ಪಾಯಸದ್ದಾಗಿರಲಿಲ್ಲ. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಹುಡುಕಿದರೆ ಕಾಫಿ ಬೀಜದಂತೆ ಊದಿದ ಉಣ್ಣೆಗಳು ಸಿಕ್ಕವು. ಒಂದು ಚುಚ್ಚುಮದ್ದು, ಎರಡು ವಾರ ಬಿಟ್ಟು ಇನ್ನೊಂದು. ಐದನೆಯ ದಿನ ಅಂಚೆಯವರನ್ನು ಬೊಗಳಿದ.

ಪುಡಿ ಅವನಿಗೆ ಕೆಡುಕು ಮಾಡಿತೆಂದು ನಾನು ಹೇಳುವುದಿಲ್ಲ. ಅದು ಕೆಟ್ಟದ್ದನ್ನು ಮಾಡಿದ್ದು ನನಗೆ: ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ಕೊಟ್ಟು ಹತ್ತು ದಿನ ಸುಮ್ಮನೆ ಕೂರಿಸಿತು. ಮುದಿ ನಾಯಿ ಮಂಕಾದರೆ ಅದು ಕೀಲು, ಮೂತ್ರಪಿಂಡ, ಥೈರಾಯ್ಡ್, ಹಲ್ಲು, ಉಣ್ಣೆ ಜ್ವರ ಯಾವುದೂ ಆಗಿರಬಹುದು. ನಿಮ್ಮ ಬರಹದಲ್ಲಿ ಪಶುವೈದ್ಯರ ಹೆಸರು ಬರುವುದು ಕೊನೆಯ ಸಾಲಿನಲ್ಲಿ, ಅದೂ ‘ಬೇಕಿದ್ದರೆ’ ಎಂಬ ಮಾತಿನ ಜೊತೆಗೆ.

ಮದ್ದು ಸೊಪ್ಪು ತಿಂದು ಬೆಳೆದವಳು ಗಿಡಮೂಲಿಕೆಯನ್ನು ಹೀಗಳೆಯುವುದುಂಟೇ? ಅರಿಸಿನದಲ್ಲಿ ಗುಣವಿದೆ. ಆದರೆ ಅದರ ಮುಖ್ಯ ಸತ್ವ ಕರ್ಕ್ಯುಮಿನ್ ಪುಡಿಯಲ್ಲಿ ಇರುವುದು ಸಾಮಾನ್ಯವಾಗಿ ಶೇಕಡ 2ರಿಂದ 5ರಷ್ಟು. ಹೊಟ್ಟೆಗೆ ಹೋದದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಅದಕ್ಕಾಗಿಯೇ ಕಾಳುಮೆಣಸು ಸೇರಿಸಿ ಎನ್ನುತ್ತಾರೆ. ಸರಿ, ನಮ್ಮ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಯಲ್ಲೇ ಬೇಕಾದಷ್ಟಿದೆ. ಆದರೆ ಮೆಣಸಿನ ಪೈಪರಿನ್ ಅರಿಸಿನವನ್ನು ಮಾತ್ರ ಆರಿಸಿಕೊಂಡು ಸಹಾಯ ಮಾಡುವುದಿಲ್ಲ. ಯಕೃತ್ತು ಬೇರೆ ಔಷಧಗಳನ್ನು ಕರಗಿಸುವ ಕೆಲಸವನ್ನೂ ತಡೆದು, ಅವುಗಳ ಪ್ರಮಾಣ ರಕ್ತದಲ್ಲಿ ಏರುವಂತೆ ಮಾಡಬಲ್ಲದು. ಅಪಸ್ಮಾರಕ್ಕೋ ನೋವಿಗೋ ಮಾತ್ರೆ ತಿನ್ನುತ್ತಿರುವ ನಾಯಿಗೆ ಇದನ್ನು ಲೆಕ್ಕವಿಲ್ಲದೆ ಹಾಕಬಾರದು. ಅಶ್ವಗಂಧ ಥೈರಾಯ್ಡ್ ರಸವನ್ನು ಏರಿಸಬಲ್ಲದು. ಉಣ್ಣೆ ಓಡಿಸಲು ಎಂದು ಕೆಲವು ಪುಡಿಗಳಲ್ಲಿ ಬೆಳ್ಳುಳ್ಳಿ ಹಾಕುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಹೆಚ್ಚಾದರೆ ನಾಯಿಯ ರಕ್ತಕಣ ಒಡೆಯುತ್ತವೆ. ಉಣ್ಣೆ ಮಾಡುವ ಕೆಲಸವನ್ನು ಮದ್ದೇ ಮಾಡಿದಂತಾಯಿತು.

ಶಲ್ಲಕಿಯ ವಿಷಯದಲ್ಲಿ ನನಗೆ ಸ್ವಲ್ಪ ಆಸೆ ಇದೆ. ಧೂಪದ ಮರದ ಈ ಅಂಟನ್ನು ಕೀಲುನೋವಿನ 29 ನಾಯಿಗಳಿಗೆ ಆರು ವಾರ ಕೊಟ್ಟು ನೋಡಿದ ಅಧ್ಯಯನ 2004ರಲ್ಲಿ ಸ್ವಿಟ್ಜರ್ಲೆಂಡಿನ ಪಶುವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಹೆಚ್ಚಿನವು ಸುಧಾರಿಸಿದವು. ಮದ್ದು ಕೊಡದ ಇನ್ನೊಂದು ಗುಂಪನ್ನು ಇಟ್ಟು ಹೋಲಿಸಲಿಲ್ಲ ಎಂಬುದು ಅದರ ಕೊರತೆ. ಆದರೂ ಅಲ್ಲಿ ಕಿಲೋ ಲೆಕ್ಕದಲ್ಲಿ ಮಿಲಿಗ್ರಾಂ ಬರೆದಿದ್ದಾರೆ, ಯಾವ ನಾಯಿಗೆ ಭೇದಿಯಾಯಿತು ಎಂಬುದನ್ನೂ ಬರೆದಿದ್ದಾರೆ. ನನ್ನ ಡಬ್ಬಿಯಲ್ಲಿಯೂ ಶಲ್ಲಕಿಯ ಹೆಸರಿದೆ. ಎಷ್ಟಿದೆ ಎಂಬುದು ಇತ್ಯಾದಿಗೇ ಗೊತ್ತು.

ಕಾನೂನು ಇಲ್ಲವೆಂದಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಆಯುರ್ವೇದ ಔಷಧದ ವ್ಯಾಖ್ಯೆ ಮನುಷ್ಯರ ಜೊತೆಗೆ ಪ್ರಾಣಿಗಳನ್ನೂ ಒಳಗೊಂಡಿದೆ. ಹಾಗೆ ತಯಾರಾದ ಔಷಧಕ್ಕೆ ಪರವಾನಗಿ ಸಂಖ್ಯೆ ಇರಬೇಕು. ಅದನ್ನು ತಪ್ಪಿಸಿಕೊಳ್ಳುವ ಓಣಿಯೇ ‘ಆಹಾರ ಪೂರಕ’. ಮುಂದಿನ ಬಾಗಿಲಲ್ಲಿ ಔಷಧದ ಬಣ್ಣನೆ, ಹಿಂದಿನ ಬಾಗಿಲಲ್ಲಿ ಔಷಧವಲ್ಲ ಎಂಬ ಚೀಟಿ. ಡಬ್ಬಿ ಕೊಳ್ಳುವವರು ದಯವಿಟ್ಟು ಹಿಂದಿನ ಬಾಗಿಲಿನಿಂದ ಓದಲು ಶುರುಮಾಡಿ.

ಇನ್ನೊಂದು ಸಂಗತಿ, ಬರೆಯದಿದ್ದರೆ ರಾತ್ರಿ ನಿದ್ದೆ ಬಾರದು. ಹೋದ ತಿಂಗಳು ಪರಿಚಯದವರೊಬ್ಬರು ಮೂಲಿಕೆ ಪುಡಿಯಿಂದ ತಮ್ಮ ಮುದಿ ನಾಯಿ ಓಡುವಂತಾಯಿತು ಎಂದು ಹೊಗಳಿದರು. ವಿಚಾರಿಸಿದರೆ ಜೊತೆಗೆ ತಮ್ಮದೇ ಸೊಂಟನೋವಿನ ಡೈಕ್ಲೋಫಿನ್ಯಾಕ್ ಮಾತ್ರೆಯನ್ನೂ ಅರ್ಧ ಮುರಿದು ಹಾಕುತ್ತಿದ್ದರು. ಮಲ ಕಪ್ಪಗಿದೆಯೇ ಎಂದು ಕೇಳಿದೆ. ಹೌದು, ಕಬ್ಬಿಣಾಂಶ ಇರಬೇಕು ಎಂದರು. ಕಬ್ಬಿಣವಲ್ಲ, ಹೊಟ್ಟೆಯೊಳಗಿನ ರಕ್ತಸ್ರಾವ. ಆ ಮಾತ್ರೆ ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ಕಾರಣ ನಾಯಿಯಲ್ಲ, ಆ ಔಷಧ ಹಾಕಿದ ದನಗಳ ಹೆಣ ತಿಂದು ಸತ್ತ ರಣಹದ್ದುಗಳು. ಅಂದೇ ನಾಯಿಯನ್ನು ಆಸ್ಪತ್ರೆಗೆ ಕಳುಹಿಸಿದೆ. ಉಳಿಯಿತು.

ಜಿಮ್ಮಿಯ ಕೀಲಿಗೆ ಈಗ ಮಾಡುತ್ತಿರುವುದು ಜಾಹೀರಾತಿಗೆ ಬಾರದ ಕೆಲಸಗಳು. ಜಗುಲಿಯಿಂದ ಬಚ್ಚಲ ಒಲೆಯವರೆಗೆ ಗೋಣಿ ಹಾಸಿದ್ದೇನೆ, ಜಾರುವುದಿಲ್ಲ. ಕೈಲ್ ಮುಹೂರ್ತ ಹಬ್ಬದ ಹಂದಿಮಾಂಸದ ಕೊಬ್ಬು ಬಂದ್, ನೆಂಟರು ಎಷ್ಟೇ ಮರುಗಲಿ. ಹದಿನೆಂಟು ಕಿಲೋ ಇದ್ದವನು ಹದಿನಾರಕ್ಕೆ ಇಳಿದಿದ್ದಾನೆ. ಚಳಿ ಜೋರಾದ ದಿನಗಳಿಗೆಂದು, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿದ ಮೇಲೆ ವೈದ್ಯೆ ಅಳೆದು ಕೊಟ್ಟ ನೋವಿನ ಔಷಧವಿದೆ. ಸಂಜೆ ಬೆರಳಾಡಿಸಿ ಉಣ್ಣೆ ಹುಡುಕುವುದು ನಮ್ಮಿಬ್ಬರಿಗೂ ಕಾಲಕ್ಷೇಪ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಬರೆದವರನ್ನು ಒಂದು ಮಾತು ವಿಚಾರಿಸಿ, ಆ ‘ಒಂದು ಚಮಚ’ ನಾಯಿಯ ಒಂದು ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂಬುದನ್ನು ಅದೇ ಪುಟದಲ್ಲಿ ಪ್ರಕಟಿಸಿ. ಅವರ ಬಳಿ ಲೆಕ್ಕವಿಲ್ಲದಿದ್ದರೆ ಅದನ್ನೂ ಪ್ರಕಟಿಸಿ.

ಈ ವಾರ ಮತ್ತೆ ಆಟಿ 18 ಬರುತ್ತಿದೆ. ಸೊಪ್ಪು ತರಲು ಹೇಳಿದ್ದೇನೆ, ಪಾಯಸವೂ ಆಗುತ್ತದೆ. ಪಾತ್ರೆಯನ್ನು ಮಾತ್ರ ಒಳಗೇ ತೊಳೆಯುತ್ತೇನೆ. ಜಿಮ್ಮಿಯ ಮೂತ್ರ ಕೆಂಪಾದರೆ ನಗಲು ಈ ಸಲ ಯಾರಿಗೂ ನೆಪ ಇರಬಾರದು.

ಇಂತು,
ನಿವೃತ್ತ ಫಾರ್ಮಸಿಸ್ಟ್
ಸುಂಟಿಕೊಪ್ಪ, ಕೊಡಗು