ರಾಜೀನಾಮೆ ಬೇಡ, ಅರ್ಜಿ ಬರೆ

ಬೈಲಹೊಂಗಲ

ಚಿ. ಅಳಿಯನಿಗೆ ಸೋದರತ್ತಿಯ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಕರಡು ಓದಿದೆ. ‘ಸೊಂಟನೋವಿನಿಂದ ಗ್ರಾಮ ಆಡಳಿತ ಅಧಿಕಾರಿಯ ಕರ್ತವ್ಯ ನಿರ್ವಹಿಸಲು ಸಾಧ್ಯವಾಗದ ಕಾರಣ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ.’ ಅಕ್ಷರ ಚೆಂದ ಅದಾವ. ಆದರೆ ಅದನ್ನು ತಹಶೀಲ್ದಾರರ ಮುಂದೆ ಇಡಬೇಡ. ಸಿಬ್ಬಂದಿ ಶಾಖೆಯಲ್ಲಿ ಕೂತು ನಿವೃತ್ತಿಯಾದವಳು ನಾನು. ರಾಜೀನಾಮೆ ಒಮ್ಮೆ ಅಂಗೀಕಾರವಾಯಿತೆಂದರೆ ಅಲ್ಲಿಯವರೆಗಿನ ಸೇವೆ ಲೆಕ್ಕದಿಂದ ಹೋಗುತ್ತದೆ. ಮೇಲಾಗಿ ‘ಸಾಧ್ಯವಿಲ್ಲ’, ‘ಸ್ವಇಚ್ಛೆ’ ಎರಡನ್ನೂ ನೀನೇ ಬರೆದುಕೊಟ್ಟಿರುತ್ತೀ. ನಾಳೆ ಯಾವ ವಕೀಲ ಏನು ವಾದ ಮಾಡಬೇಕು?

‘ಹಂಗಾದ್ರ ಮೆಡಿಕಲ್ ರಿಟೈರ್‌ಮೆಂಟ್ ತಗೋತೀನಿ, ಪಿಂಚಣಿ ಬರ್ತದ’ ಅಂದಿ ಫೋನಿನಲ್ಲಿ. ಯಾವ ಪಿಂಚಣಿ? 2006ರ ಏಪ್ರಿಲ್ 1 ಮತ್ತು ಅದರ ನಂತರ ರಾಜ್ಯ ಸರ್ಕಾರಿ ನೌಕರಿಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ಕೂಡಿಟ್ಟ ಹಣದ ಮೇಲೆ ನಿಂತ ಹೊಸ ಪಿಂಚಣಿ. ನಿಮ್ಮಪ್ಪ ಕಂಡ ಹಳೆಯ ಪಿಂಚಣಿಯ ಲೆಕ್ಕದಲ್ಲಿ ನೀನು ಸಂಸಾರದ ಖರ್ಚು ಕೂಡಿಸಬೇಡ. ಇನ್ನೂ ಸಾಲಿಗೆ ಹೋಗುವ ಮಕ್ಕಳಿದ್ದಾರೆ.

ಸೈನ್ಯದಲ್ಲಿ ದುಡಿದು ಬಂದು ಈ ನೌಕರಿಗೆ ಸೇರಿದವನು ನೀನು, ಎರಡು ಖಾತೆಗಳನ್ನು ಕಲಸಿಬಿಟ್ಟಿದ್ದೀ. ಒಂದು ಸೈನ್ಯದ ಖಾತೆ: ಅಲ್ಲಿ ದುಡಿದಾಗ ಆದ ನೋವಿಗೆ ಹಣ ಕೇಳುವುದು. ಇನ್ನೊಂದು ಕಂದಾಯ ಇಲಾಖೆಯ ಖಾತೆ: ಈಗಿನ ಮೈಗೆ ಒಗ್ಗುವ ಕೆಲಸ ಕೇಳುವುದು. ಕಾನೂನು ಬೇರೆ, ಕಚೇರಿ ಬೇರೆ, ಕಾಗದವೂ ಬೇರೆ. ಒಂದರಲ್ಲಿ ಸೋತರೆ ಇನ್ನೊಂದರಲ್ಲಿ ಸೋತಂತಲ್ಲ.

ಮೊದಲು ಕಂದಾಯದ ಮಾತು, ಬೆಂಕಿ ಹತ್ತಿರುವುದು ಅಲ್ಲೇ. 2019ರ ನೆರೆಯಲ್ಲಿ ಮಲಪ್ರಭೆಯ ದಂಡೆಗುಂಟ ಬೈಕಿನ ಮೇಲೆ ಬೆಳೆಹಾನಿ ಸಮೀಕ್ಷೆ ಮಾಡಿ ಬಂದವನು, ರಾತ್ರಿ ನಮ್ಮ ಪಡಸಾಲೆಯಲ್ಲಿ ಕೂಡಲೂ ಆಗದೆ ಗೋಡೆಗೆ ಅಂಗೈ ಊರಿ ನಿಂತೇ ಊಟ ಮಾಡಿದೆ. ಆಗಿನಿಂದ ಹೇಳುತ್ತಿದ್ದೇನೆ, ನಿನಗೆ ಒಲ್ಲದ್ದು ನೌಕರಿಯಲ್ಲ, ಹೊಲದ ಬದುವಿನ ಮೇಲಿನ ಬೈಕು. (ಗ್ರಾಮ ಲೆಕ್ಕಾಧಿಕಾರಿ ಎಂಬ ಹೆಸರನ್ನು ಸರ್ಕಾರ ಬದಲಿಸಿತು, ಬೈಕು ಬದಲಾಗಲಿಲ್ಲ.) ಕೇಳಬೇಕಾದದ್ದು ಅದೇ ವೇತನ ಶ್ರೇಣಿಯ, ಕುಳಿತು ಮಾಡುವ ಕೆಲಸ. ಅದಕ್ಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿದೆ. ಅದರ 20ನೇ ಕಲಮು ಎರಡು ಮಾತು ಹೇಳುತ್ತದೆ. ಅಂಗವೈಕಲ್ಯವುಳ್ಳ ನೌಕರನಿಗೆ ಸರ್ಕಾರಿ ಸಂಸ್ಥೆ ಸೂಕ್ತ ಅನುಕೂಲ ಮಾಡಿಕೊಡಬೇಕು. ಮತ್ತು ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವನನ್ನು ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ; ಅದೇ ವೇತನದ ಬೇರೆ ಹುದ್ದೆಗೆ ಹಾಕಬೇಕು, ಹುದ್ದೆ ಖಾಲಿ ಇಲ್ಲದಿದ್ದರೆ ಸಿಗುವತನಕ ಅಥವಾ ನಿವೃತ್ತಿಯತನಕ ಸಂಖ್ಯಾಧಿಕ ಹುದ್ದೆಯಲ್ಲಿ, ಅಂದರೆ ಮಂಜೂರಾದ ಲೆಕ್ಕಕ್ಕಿಂತ ಹೆಚ್ಚಿನದಾಗಿ ಮಾಡಿದ ಹುದ್ದೆಯಲ್ಲಿ, ಇರಿಸಿಕೊಳ್ಳಬೇಕು.

ನಿನ್ನ ಸೊಂಟನೋವು ಸೈನ್ಯದಲ್ಲೇ ಶುರುವಾದದ್ದು ಎಂದು ಯಾರಾದರೂ ತಕರಾರು ತೆಗೆದಾರು. ಅದಕ್ಕೇ ಅರ್ಜಿಯಲ್ಲಿ ಮೊದಲನೆಯ ಮಾತನ್ನು ಮುಂದಿಡು. ಅಲ್ಲಿ ನೋವು ಯಾವಾಗ ಬಂತೆಂಬ ಪ್ರಶ್ನೆಯೇ ಏಳುವುದಿಲ್ಲ. ಈ ನೌಕರಿಯಲ್ಲಿ ಅದು ಹೆಚ್ಚಾದದ್ದಕ್ಕೆ ಎಂಆರ್‌ಐ, ಡಾಕ್ಟರ ಚೀಟಿಗಳನ್ನು ತಾರೀಖಿನ ಪ್ರಕಾರ ಲಗತ್ತಿಸಿ ಎರಡನೆಯದನ್ನೂ ಸೇರಿಸು.

ಮಿಲಿಟರಿ ಕ್ಯಾಂಟೀನಿನಲ್ಲಿ ಸಿಕ್ಕ ನಿನ್ನ ಗೆಳೆಯರು ‘ಫೌಜಿಗಳಿಗೆ ಆ ಕಲಮು ಹತ್ತೂದಿಲ್ಲ’ ಅಂದರಂತೆ. ಅರ್ಧ ಖರೆ. ಯುದ್ಧ ಕರ್ತವ್ಯದ ಸೈನಿಕರಿಗೆ ಅದರಿಂದ ವಿನಾಯಿತಿ ಕೊಟ್ಟು ಕೇಂದ್ರ ಸರ್ಕಾರ 2021ರಲ್ಲಿ ಅಧಿಸೂಚನೆ ಹೊರಡಿಸಿದೆ. ನೀನು ಈಗ ಸಮವಸ್ತ್ರದಲ್ಲಿಲ್ಲ, ರಾಜ್ಯ ಸರ್ಕಾರದ ನೌಕರ. ಪಿಂಚಣಿ ಕೊಟ್ಟು ಮನೆಗೆ ಕಳಿಸಿದರಾಯಿತು ಅನ್ನುವವರಿಗೂ ಸುಪ್ರೀಂ ಕೋರ್ಟಿನ ಉತ್ತರವಿದೆ. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಪ್ರಕರಣದಲ್ಲಿ, 2003ರಲ್ಲಿ, ಅಶಕ್ತತಾ ಪಿಂಚಣಿ ಸಿಗುತ್ತದೆಂಬ ಕಾರಣಕ್ಕೆ ಆ ರಕ್ಷಣೆ ತಪ್ಪಿಸುವಂತಿಲ್ಲ ಎಂದಿತು. ಆಗ ಇದ್ದದ್ದು 1995ರ ಕಾಯ್ದೆ, ತಿರುಳು ಇದೇ.

ಅರ್ಜಿಯನ್ನು ಕೈಯಲ್ಲಿ ಕೊಟ್ಟು ‘ಸಾಹೇಬ್ರ, ಸ್ವಲ್ಪ ನೋಡ್ರಿ’ ಎಂದು ಬರಬೇಡ. ಎರಡು ಪ್ರತಿ ಮಾಡು, ಟಪಾಲು ಶಾಖೆಯಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಶಿಕ್ಕಾ, ತಾರೀಖು, ನಂಬರು ಹಾಕಿಸಿಕೋ. ಬಾಯಿಮಾತಿನಲ್ಲಿ ಆಗುವುದಿಲ್ಲ ಅಂದರೆ ಲಿಖಿತ ಹಿಂಬರಹ ಕೇಳು. ಹಿಂಬರಹ ಕೈಗೆ ಬಂದರೆ ಬೆಳಗಾವಿಯಲ್ಲೇ ಸರ್ಕಾರಿ ನೌಕರರ ತಕರಾರು ಕೇಳುವ ಆಡಳಿತ ನ್ಯಾಯಮಂಡಳಿಯ ಪೀಠವಿದೆ. ಅಲ್ಲಿಯತನಕ ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಹಾಕು. ಹೇಳದೆ ಕೇಳದೆ ಮನೆಯಲ್ಲಿ ಉಳಿದು ಅನಧಿಕೃತ ಗೈರುಹಾಜರಿಯ ನೋಟಿಸು ತಂದುಕೊಳ್ಳಬೇಡ.

ಇನ್ನು ಸೈನ್ಯದ ಖಾತೆ. ಬಿಡುಗಡೆಯ ಮೆಡಿಕಲ್ ಬೋರ್ಡು ನಿನಗೆ 30 ಪ್ರತಿಶತ ಅಂಗವೈಕಲ್ಯ ಬರೆದು, ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಷರಾ ಹಾಕಿತು. ನೋವು ಕಾಣಿಸಿಕೊಂಡದ್ದು ಗಡಿಯಲ್ಲಲ್ಲ, ಶಾಂತಿ ಠಾಣ್ಯದಲ್ಲಿ ಎಂಬುದೇ ಕಾರಣ. ನೌಕರಿ ಸಿಕ್ಕಿತಲ್ಲ ಎಂದು ನೀನು ಸುಮ್ಮನಾದೆ. ಧರ್ಮವೀರ್ ಸಿಂಗ್ ಎಂಬ ಸೈನಿಕನ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಭರ್ತಿಯಾಗುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಆಮೇಲೆ ಬಂದದ್ದನ್ನು ಸೇವೆಯಿಂದ ಬಂದದ್ದೆಂದೇ ಹಿಡಿಯಬೇಕು, ಅಲ್ಲವೆನ್ನುವ ಬೋರ್ಡು ಕಾರಣ ಬರೆಯಬೇಕು. ಸೈನಿಕರ ಅಂಗವೈಕಲ್ಯದ ಹಣಕ್ಕೆ 2023ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿಯಮಗಳು ಅದಕ್ಕೆ ಮೊದಲೇ ಸೈನ್ಯ ಬಿಟ್ಟು ಬಂದ ನಿನಗೆ ಅನ್ವಯಿಸುವುದಿಲ್ಲ. ಬೋರ್ಡಿನ ನಡಾವಳಿಯ ನಕಲು ಮೊದಲು ತೆಗೆಸು. ಮರಾಠಾ ಲಘು ಪದಾತಿ ದಳದ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇರುವುದು ನಿನ್ನ ಪುಣ್ಯ. ನಕಲು ಬಂದ ಮೇಲೆ ಮೇಲ್ಮನವಿ, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತಡವಾಗಿದೆ, ನಿಜ, ತಡವಾಗಿ ಹೋದವರಿಗೆ ಬಾಕಿ ಹಣ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ನಿಲ್ಲುತ್ತದೆ, ಮುಂದಿನದು ಉಳಿಯುತ್ತದೆ.

ಗೆದ್ದರೆ ತಿಂಗಳಿಗೆ ಎಷ್ಟು? ನೂರಕ್ಕೆ ನೂರು ಅಂಗವೈಕಲ್ಯಕ್ಕೆ ಕೊನೆಯ ವೇತನದ 30 ಪ್ರತಿಶತ. ವೇತನ 40,000 ಎಂದುಕೋ, ಪೂರ್ತಿಗೆ 12,000. ನಿನ್ನ 30ನ್ನು ಹಣದ ಲೆಕ್ಕಕ್ಕೆ 50 ಎಂದು ಹಿಡಿಯುತ್ತಾರೆ, ಹಾಗಾಗಿ 6,000. ಸೈನ್ಯದಿಂದ ಬರುವ ನಿನ್ನ ಸೇವಾ ಪಿಂಚಣಿ, ಈಗಿನ ಸಂಬಳ ಎರಡರ ಜೊತೆಗೂ ಅದು ಬರುತ್ತದೆ. ಆದರೆ ಆ 50 ಹಣಕ್ಕಷ್ಟೇ. ಅದನ್ನು ತೋರಿಸಿ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಕೇಳಿದರೆ ನಗುತ್ತಾರೆ. ಅಲ್ಲಿ ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಯ ಡಾಕ್ಟರು ತಮ್ಮ ಮಾರ್ಗಸೂಚಿಯಂತೆ ಹೊಸದಾಗಿ ಅಳೆಯುತ್ತಾರೆ, 40ರ ಕೆಳಗೂ ಬರಬಹುದು. ಬಂದರೆ ಮೀಸಲಾತಿಯಂಥ ಸೌಲಭ್ಯ ತಪ್ಪುತ್ತವೆ. 20ನೇ ಕಲಮು ಆ 40ರ ಗೆರೆ ಹಾಕಿಲ್ಲ.

‘ಅಂಗವಿಕಲ ಅಂತ ಬರಸ್ಕೊಳ್ಳೂದು ಹೆಂಗ ಅತ್ತಿ’ ಎಂದು ನೀನು ಕೇಳಿದ್ದು ನನಗೆ ತಿಳಿಯುತ್ತದೆ. ಫೌಜಿಯ ಬಿಂಕ ಅದು. ಸಂಬಳದ ದಿನ ಅದು ಅಡುಗೆಮನೆಗೆ ಬರುವುದಿಲ್ಲ. ನಿನ್ನ ಹೆಂಡತಿಗೆ ಈ ಪತ್ರ ಓದಲು ಕೊಡು, ಅವಳಿಗೆ ಲೆಕ್ಕ ಬೇಗ ಹತ್ತುತ್ತದೆ.

ಬರುವ ರವಿವಾರ ಇಲ್ಲಿಗೆ ಬಾ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಎಂಆರ್‌ಐ ಫಿಲ್ಮು, ನೇಮಕಾತಿ ಆದೇಶದ ಜೆರಾಕ್ಸ್ ತಗೊಂಡು ಬಾ. ಅರ್ಜಿ ಇಲ್ಲೇ ಕೂತು ಬರೆಯೋಣ. ಬೈಕಿನ ಮೇಲೆ ಬರಬೇಡ, ಬಸ್ಸಿಗೆ ಬಾ.

ಇಂತಿ,
ನಿನ್ನ ಸೋದರತ್ತಿ